ಸಹಾಯ ಬೇಕು: ಅಮ್ಮನ ಸೊಂಟನೋವಿಗೆ ಈಗ್ಲೇ ಎಂಆರ್‌ಐ ಬೇಕಾ?

ನಮಸ್ಕಾರ, ನಾವು ತೀರ್ಥಹಳ್ಳಿ ಹತ್ರದವ್ರು. ಅಮ್ಮಂಗೆ 58 ವರ್ಷ, ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು 12 ದಿನದಿಂದ ಸೊಂಟ ಹಿಡ್ಕೊಂಡಿದೆ, ಏಳ್ಬೇಕಾದ್ರೆ ಕಂಬ ಹಿಡ್ಕೊಂಡು ಹಲ್ಲು ಕಚ್ಚಿ ಏಳ್ತಾರೆ, ನೋಡೋಕಾಗಲ್ಲ. ಶಿವಮೊಗ್ಗದಲ್ಲಿ ತೋರಿಸಿದ್ರೆ ಸರಿಯಾಗಿ ಮುಟ್ಟಿಯೂ ನೋಡ್ದೆ ಎಂಆರ್‌ಐ ಬರ್ದುಕೊಟ್ರು. ಬಿದ್ದು ಪೆಟ್ಟಾಗಿರೋದು, ಕಾಲಲ್ಲಿ ಬಲ ಇಲ್ದಿರೋದು, ಮೂತ್ರ ಕಟ್ಟೋದು, ಜ್ವರ, ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿರೋದು ಇಂಥದ್ದೇನೂ ಇಲ್ದಿದ್ರೆ ಮೊದಲ 6 ವಾರ ಸಾಮಾನ್ಯವಾಗಿ ಸ್ಕ್ಯಾನ್ ಬೇಡ ಅಂತ ಓದಿದೀನಿ, ಅಮ್ಮಂಗೆ ಅದ್ಯಾವ್ದೂ ಇಲ್ಲ. ಈ ವಯಸ್ಸಲ್ಲಿ ನೋವಿಲ್ದೋರ ಸ್ಕ್ಯಾನಲ್ಲೂ ಬೆನ್ನುಮೂಳೆ ನಡುವಿನ ಮೆತ್ತೆ (ಡಿಸ್ಕ್) ಸವೆದಿದ್ದು ಕಾಣುತ್ತಂತೆ, ಅದನ್ನೇ ನೋಡಿ ಆಪರೇಷನ್ ಅಂದ್ಬಿಟ್ರೆ ಅಂತ ಭಯ. ಹಾಗಂತ ಬೇಕಾದ ಟೆಸ್ಟ್ ತಪ್ಪಿಸೋಕೂ ಮನಸಿಲ್ಲ. ಯಾರಾದ್ರೂ ಡಾಕ್ಟ್ರು ಇದ್ರೆ ದಯವಿಟ್ಟು ಹೇಳಿ, ಕಾಯ್ಬಹುದಾ? ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೇಲಿ ಮೂಳೆ ಡಾಕ್ಟ್ರನ್ನ ಇನ್ನೊಂದ್ಸಲ ಕೇಳೋದಾ? ತೀರ್ಥಹಳ್ಳೀಲೇ ಒಳ್ಳೆ ಫಿಸಿಯೋ ಗೊತ್ತಿದ್ರೂ ತಿಳಿಸಿ, ಬಸ್ಸಲ್ಲಿ ಅಷ್ಟು ದೂರ ಕೂರೋಕೆ ಅವ್ರಿಗೆ ಆಗ್ತಿಲ್ಲ.