ಹಳೇ ರೈಲು ದಾರಿಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಬಹುದಾ? ಯೂಟಾ ಕಡೆಯವರು ಹೇಳಿ

ಉಪ್ಪುಕೆರೆ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಯೂಟಾದ ಆಗ್ಡನ್ ಹತ್ತಿರ ಇದ್ದೇವೆ, ಊರು ತಿಪಟೂರು. ಹೋದ ತಿಂಗಳು ಒಂದು ಮೆಟಲ್ ಡಿಟೆಕ್ಟರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು, ಗ್ಯಾರೆಟ್ ಎಟಿ ಪ್ರೊ. ಎರಡು ವಾರ ಮನೆ ಹಿತ್ತಲಲ್ಲೇ ಓಡಾಡಿಸಿ ಕಲಿತೆ. ಬಾಟಲಿ ಮುಚ್ಚಳ, ಡಬ್ಬದ ರಿಂಗು, ಒಂದಷ್ಟು ಚಿಲ್ಲರೆ ಸಿಕ್ಕವು, ಅಷ್ಟೇ.

ಮಗನಿಗೆ 12 ವರ್ಷ, ರೈಲು ಅಂದರೆ ಜೀವ. ಶನಿವಾರ ಅವನನ್ನು ಪ್ರೊಮಾಂಟರಿ ಸಮಿಟ್‌ಗೆ ಕರೆದುಕೊಂಡು ಹೋಗಿದ್ದೆ. 1869ರ ಮೇ 10ರಂದು ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್ ಹಳಿಯೂ ಪಶ್ಚಿಮದಿಂದ ಬಂದ ಸೆಂಟ್ರಲ್ ಪೆಸಿಫಿಕ್ ಹಳಿಯೂ ಕೂಡಿದ ಜಾಗ ಅದು. ಹಳಿ ಕೂಡಿದ ಗುರುತಿಗೆ ಹಾಕಿದ ಚಿನ್ನದ ಮೊಳೆ ಅಲ್ಲೇ ಇರುತ್ತದೆ ಅಂದುಕೊಂಡಿದ್ದ. ಅಸಲಿ ಮೊಳೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ ಅಂತ ಗೊತ್ತಾದಾಗ ಮುಖ ಸಪ್ಪಗಾಯಿತು. ಆದರೆ ಆಮೇಲೆ ನೋಡಿದ್ದು ಅವನಿಗೆ ಇನ್ನೂ ಹಿಡಿಸಿತು. ಎರಡು ಕಂಪನಿಯವರೂ ಎಲ್ಲಿ ಕೂಡಬೇಕು ಅಂತ ತೀರ್ಮಾನ ಆಗುವ ಮೊದಲೇ ಒಬ್ಬರನ್ನೊಬ್ಬರು ದಾಟಿಕೊಂಡು ಹೋಗಿ ಮಣ್ಣಿನ ಏರಿ ಹಾಕಿದ್ದರಂತೆ. ಆ ಎರಡೂ ಏರಿಗಳು ಅಕ್ಕಪಕ್ಕ ಇವತ್ತಿಗೂ ಕಾಣುತ್ತವೆ. ಒಂದೇ ದಿನಕ್ಕೆ 10 ಮೈಲಿ ಹಳಿ ಹಾಸಿದ ಜಾಗದ ಬೋರ್ಡು ಕೂಡ ಇದೆ.

ಅಲ್ಲಿಂದ ಪಶ್ಚಿಮಕ್ಕೆ ಹಳೇ ರೈಲು ದಾರಿಯ ಮೇಲೇ ಸುಮಾರು 90 ಮೈಲಿ ಮಣ್ಣು ರಸ್ತೆ ಇದೆ. ಕೆಲ್ಟನ್, ಟೆರೇಸ್ ಅಂತ ಖಾಲಿ ಬಿದ್ದ ಊರುಗಳು. ಕಂಬಿ ಇಲ್ಲ, ಬೇಲಿ ಇಲ್ಲ, ಕಣ್ಣು ಹಾಯಿಸಿದಷ್ಟು ದೂರ ಒಬ್ಬ ಮನುಷ್ಯ ಇಲ್ಲ. ಅಲ್ಲಿ ಒಂದೆರಡು ಹಳೇ ರೈಲು ಮೊಳೆ, ಕೋಟಿನ ಗುಂಡಿ, ಬೀಗ ಸಿಕ್ಕರೆ ಮಗ ಜೀವಮಾನವಿಡೀ ಇಟ್ಟುಕೊಳ್ಳುತ್ತಾನೆ. ಹೋಗಬಹುದಾ? ಮಷಿನ್ ಹೇಗೆ ಸೆಟ್ ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಲ್ಲಿದ್ದಲ_ಬೂದಿ:

ನಮಸ್ಕಾರ ಸರ್. ನಾನು ನೆವಾಡಾದಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಇದೇ ಹವ್ಯಾಸ. ಮೊದಲೇ ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಜಾಗಕ್ಕೆ ಡಿಟೆಕ್ಟರ್ ತಗೊಂಡು ಹೋಗಬೇಡಿ.

ಪ್ರೊಮಾಂಟರಿ ನ್ಯಾಷನಲ್ ಪಾರ್ಕ್ ಇಲಾಖೆಯ ಜಾಗ. ಅಲ್ಲಿ ಡಿಟೆಕ್ಟರ್ ಬಳಸುವುದು ಮಾತ್ರವಲ್ಲ, ಸುಮ್ನೆ ಕೈಯಲ್ಲಿ ಹಿಡಿದುಕೊಂಡಿದ್ದರೂ ತಪ್ಪೇ. ಕಾರಿನಲ್ಲಿ ಇದ್ದರೆ ಬಳಸೋಕೆ ಆಗದ ಹಾಗೆ ಬಿಚ್ಚಿ, ಪ್ಯಾಕ್ ಮಾಡಿ ಇಟ್ಟಿರಬೇಕು. ಆ 90 ಮೈಲಿ ರಸ್ತೆ ಹಾದುಹೋಗುವುದು ಹೆಚ್ಚಾಗಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಸರ್ಕಾರಿ ಜಮೀನಿನಲ್ಲಿ. ಅಲ್ಲಿ ಬೇಲಿ ಇಲ್ಲ ಅಂದ ಮಾತ್ರಕ್ಕೆ ಕೇಳುವವರಿಲ್ಲ ಅಂತಲ್ಲ. 1979ರಲ್ಲಿ ಬಂದ ಪುರಾತತ್ವ ರಕ್ಷಣೆಯ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಜಮೀನಿನಲ್ಲಿ 100 ವರ್ಷ ದಾಟಿದ ಅವಶೇಷವನ್ನು ಪರ್ಮಿಟ್ ಇಲ್ಲದೆ ಅಗೆದರೆ, ತಗೊಂಡು ಹೋದರೆ ಮೊದಲ ಸಲಕ್ಕೇ 10,000 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು. ವಸ್ತುವಿನ ಬೆಲೆ ಮತ್ತು ಆದ ಹಾಳು ಸರಿಪಡಿಸುವ ಖರ್ಚು ಸೇರಿ 500 ಡಾಲರ್ ದಾಟಿದರೆ ಎರಡೂ ದುಪ್ಪಟ್ಟು. ನಮ್ಮಂಥವರಿಗೆ, ವೀಸಾ ಮೇಲೆ ಇರುವವರಿಗಂತೂ, ಇದು ಆಟ ಅಲ್ಲ.

1904ರಲ್ಲಿ ಉಪ್ಪಿನ ಕೆರೆಗೆ ಅಡ್ಡಲಾಗಿ ಲೂಸಿನ್ ಕಟ್‌ಆಫ್ ಅನ್ನುವ ನೇರ ಲೈನ್ ಹಾಕಿದ ಮೇಲೆ ದೊಡ್ಡ ರೈಲುಗಳೆಲ್ಲ ಆ ಕಡೆ ಹೋದವು. 1942ರಲ್ಲಿ ಯುದ್ಧಕ್ಕೆ ಕಬ್ಬಿಣ ಬೇಕು ಅಂತ ಹಳೇ ಕಂಬಿಗಳನ್ನೂ ಕಿತ್ತರು. ಹಾಗಾಗಿ 1942ರ ತನಕದ ವಸ್ತುಗಳೂ ಅಲ್ಲಿ ಬೆರೆತಿವೆ. ಕೈಗೆ ಬಂದ ಮೊಳೆ ಯಾವ ಕಾಲದ್ದು ಅಂತ ಅಲ್ಲೇ ನಿಂತು ಹೇಳುವುದು ನನಗೂ ಆಗಲ್ಲ, ನಿಮಗೂ ಆಗಲ್ಲ.

ಕಾನೂನು ಬಿಟ್ಟು ಇನ್ನೊಂದು ಮಾತು ಇದೆ, ನನಗೆ ಅದೇ ಮುಖ್ಯ. ಸೆಂಟ್ರಲ್ ಪೆಸಿಫಿಕ್ ಹಳಿ ಹಾಕಿದವರಲ್ಲಿ ಬಹುಪಾಲು ಚೀನೀ ಕೆಲಸಗಾರರು, ಹತ್ತು ಸಾವಿರಕ್ಕೂ ಜಾಸ್ತಿ ಜನ. ಬಿಳಿಯರಿಗಿಂತ ಕಡಿಮೆ ಕೂಲಿಗೆ ದುಡಿದರು. 1867ರಲ್ಲಿ ಮುಷ್ಕರವನ್ನೂ ಮಾಡಿದರು. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ಬರೆದ ಕಾಗದ, ಡೈರಿ ಯಾವುದೂ ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ಅವರ ಬಗ್ಗೆ ತಿಳಿಯಬೇಕಾದರೆ ಉಳಿದಿರುವುದು ನೆಲದಲ್ಲಿರುವ ಬಟ್ಟಲಿನ ಚೂರು, ತೂತಿನ ಕಾಸು, ಅಂಗಿಯ ಗುಂಡಿ, ಒಲೆ ಹೂಡಿದ ಕಲ್ಲು ಇಷ್ಟೇ. ಟೆರೇಸ್‌ನಲ್ಲಿ ಪುರಾತತ್ವದವರು ಇತ್ತೀಚೆಗೆ ಚೀನೀಯರು ಇದ್ದ ಒಂದು ಮನೆಯ ಅಡಿಪಾಯವನ್ನೇ ಅಗೆದು ನೋಡಿದ್ದಾರೆ. ಕಾಸು ಯಾವ ಮೂಲೆಯಲ್ಲಿತ್ತು, ಅದರ ಪಕ್ಕ ಏನಿತ್ತು, ಎಷ್ಟು ಆಳದಲ್ಲಿತ್ತು ಅನ್ನುವುದರಿಂದಲೇ ಅಲ್ಲಿ ಮಲಗುತ್ತಿದ್ದರಾ, ಉಣ್ಣುತ್ತಿದ್ದರಾ ಅಂತ ಗೊತ್ತಾಗುವುದು. ನಾವು ಆ ಕಾಸನ್ನು ಜೇಬಿಗೆ ಹಾಕಿಕೊಂಡು ಬಂದರೆ ಅದು ಬರೀ ಕಾಸು. ನಾನೂ ಶುರುವಿನಲ್ಲಿ ಇದನ್ನು ಯೋಚಿಸಿರಲಿಲ್ಲ. ಖಾಸಗಿ ಜಮೀನೇ ಆದರೂ ಒಂದು ಹಳೇ ಸೆಕ್ಷನ್ ಮನೆಯ (ಹಳಿ ನೋಡಿಕೊಳ್ಳುವವರು ಇರುತ್ತಿದ್ದ ಮನೆ) ಜಾಗದಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿಕೊಂಡು ಬಂದೆ. ಈಗ ಯಾವುದು ಎಲ್ಲಿತ್ತು ಅಂತ ನನಗೇ ಗೊತ್ತಿಲ್ಲ. ಆ ಬಕೆಟ್ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಂತ ಮಗನನ್ನು ನಿರಾಸೆ ಮಾಡಬೇಡಿ, ದಾರಿ ಇದೆ. ಯೂಟಾ-ಐಡಹೊ ಸೆಂಟ್ರಲ್ ಅಂತ ಆಗ್ಡನ್‌ನಿಂದ ಲೋಗನ್ ಮೇಲೆ ಐಡಹೊದ ಪ್ರೆಸ್ಟನ್ ತನಕ ಒಂದು ವಿದ್ಯುತ್ ರೈಲು ಓಡುತ್ತಿತ್ತು, 1947ರಲ್ಲಿ ನಿಂತುಹೋಯಿತು. ಅಂಥ ಮುಚ್ಚಿದ ಲೈನುಗಳ ನೆಲ ಎಷ್ಟೋ ಕಡೆ ಅಕ್ಕಪಕ್ಕದ ರೈತರ ಹೊಲಕ್ಕೆ ಸೇರಿರುತ್ತದೆ. ಕೌಂಟಿಯವರ ವೆಬ್‌ಸೈಟಿನಲ್ಲಿ ಜಮೀನಿನ ನಕ್ಷೆ ಸಿಗುತ್ತದೆ, ಯಾರ ಹೆಸರಿನಲ್ಲಿದೆ ಅಂತ ನೋಡಿ. ಫೋನ್ ಮಾಡುವುದಕ್ಕಿಂತ ಮಗನನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಿ. ಒಪ್ಪಿಗೆಯನ್ನು ಕಾಗದದಲ್ಲೇ ತಗೊಳ್ಳಿ. ಸಿಕ್ಕಿದ್ದು ಯಾರಿಗೆ ಅನ್ನುವುದನ್ನೂ ಮೊದಲೇ ಮಾತಾಡಿ. ಈಗ ರೈಲು ಓಡುವ ಲೈನ್ ಪಕ್ಕಕ್ಕೆ ಮಾತ್ರ ಹೋಗಲೇಬೇಡಿ. ಅದು ರೈಲು ಕಂಪನಿಯ ಸ್ವಂತ ಜಾಗ, ಕಾಲಿಟ್ಟರೂ ಅಪರಾಧ, ಪ್ರಾಣಕ್ಕೂ ಅಪಾಯ.

ನಿಧಾನ_ಸ್ವಿಂಗ್:

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಷಿನ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಹತ್ತಿರ ಇದ್ದದ್ದೂ ಎಟಿ ಪ್ರೊನೇ.

ರೈಲು ದಾರಿ ಅಂದರೆ ಕಬ್ಬಿಣದ ಕಾಡು. ಡಾಗ್ ಸ್ಪೈಕ್ (ಕಂಬಿ ಹಿಡಿದಿಡುವ ಮೊಳೆ), ಬೋಲ್ಟು, ಕಂಬಿ ಜೋಡಿಸುವ ಫಿಶ್ ಪ್ಲೇಟು, ತಂತಿ ಎಲ್ಲಾ ಕಡೆ ಬಿದ್ದಿರುತ್ತವೆ. ಕಬ್ಬಿಣವನ್ನು ಡಿಸ್ಕ್ರಿಮಿನೇಷನ್‌ನಲ್ಲಿ (ಬೇಡದ ಲೋಹಕ್ಕೆ ದನಿ ಬಾರದ ಹಾಗೆ ಮಾಡುವ ಸೆಟ್ಟಿಂಗ್) ಪೂರ್ತಿ ಕತ್ತರಿಸಿದರೆ ಮಷಿನ್ ಸುಮ್ಮನಾಗುತ್ತದೆ, ಆದರೆ ಕಬ್ಬಿಣದ ಪಕ್ಕದಲ್ಲೇ ಇರುವ ಹಿತ್ತಾಳೆ ಗುಂಡಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಅದಕ್ಕೇ ಪ್ರೊ ಮೋಡ್‌ನಲ್ಲಿ ಐರನ್ ಆಡಿಯೋ ಆನ್ ಮಾಡಿ. ಕಬ್ಬಿಣಕ್ಕೆ ದಪ್ಪ ದನಿ ಬರುತ್ತದೆ. ಆ ದಪ್ಪ ದನಿಗಳ ನಡುವೆ ಸಣ್ಣದೊಂದು ತೆಳು ದನಿ ಇಣುಕಿದರೆ ಅಲ್ಲೇ ನಿಲ್ಲಿ. ಮಷಿನ್ ಜೊತೆ ಬರುವ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) 11 ಇಂಚು ಉದ್ದ, ಅದರಡಿ ಒಂದೇ ಸಲಕ್ಕೆ ನಾಲ್ಕೈದು ಮೊಳೆ ಬೀಳುತ್ತವೆ. ಸಾಧ್ಯವಾದರೆ 5 ಇಂಚು ಅಗಲ, 8 ಇಂಚು ಉದ್ದದ ಸಣ್ಣ ಕಾಯಿಲ್ ಹಾಕಿ, ನನಗೆ ಅದರಿಂದ ಬಹಳ ವ್ಯತ್ಯಾಸವಾಯಿತು. ಕಸ ಗುಡಿಸಿದ ಹಾಗೆ ಬೀಸಬೇಡಿ, ರಂಗೋಲಿ ಎಳೆ ಎಳೆದಷ್ಟು ನಿಧಾನವಾಗಿ ಆಡಿಸಿ.

ದೊಡ್ಡ ಕಬ್ಬಿಣ ಎಷ್ಟೋ ಸಲ ಮಷಿನ್ ಪರದೆಯಲ್ಲಿ ಬೆಳ್ಳಿಗೆ ಬರುವ ನಂಬರ್ ತೋರಿಸಿ ಆಸೆ ಹುಟ್ಟಿಸುತ್ತದೆ. ಬಗ್ಗಿದ ಮೊಳೆಯೂ ಹಾಗೇ. ಒಂದು ಕಡೆಯಿಂದ ಆಡಿಸಿದ ಮೇಲೆ ಅಡ್ಡ ತಿರುಗಿ ನಿಂತು ಇನ್ನೊಂದು ಸಲ ಆಡಿಸಿ. ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಒಂದೇ ದನಿ ಬಂದರೆ ಅಗೆಯಿರಿ. ಒಂದು ಕಡೆ ಮಾತ್ರ ಬಂದು ಇನ್ನೊಂದು ಕಡೆ ಮುರಿದರೆ ಬಹುತೇಕ ಕಬ್ಬಿಣವೇ. ಉಗಿ ಎಂಜಿನ್ ಓಡಿದ ಕಡೆ ಕಲ್ಲಿದ್ದಲ ಬೂದಿ, ಕಿಟ್ಟ ಕೂಡ ದನಿ ಕೊಡುತ್ತವೆ, ಗ್ರೌಂಡ್ ಬ್ಯಾಲೆನ್ಸ್ (ಅಲ್ಲಿನ ಮಣ್ಣಿಗೆ ಮಷಿನ್ ಹೊಂದಿಸುವುದು) ಆಗಾಗ ಮಾಡುತ್ತಿರಿ.

ಏನು ಸಿಗಬಹುದು ಅಂತ ಮಗನಿಗೆ ಹೇಳಿಡಿ. ನನಗೆ ತುಂಬಾ ಇಷ್ಟದ್ದು ಡೇಟ್ ನೇಲ್. ಸಣ್ಣ ಮೊಳೆ, ತಲೆಯ ಮೇಲೆ 27, 31 ಅಂತ ವರ್ಷದ ಕೊನೆಯ ಎರಡು ಅಂಕಿ ಇರುತ್ತವೆ. ಕಂಬಿಯ ಕೆಳಗಿನ ಮರದ ಸ್ಲೀಪರಿಗೆ ಎಣ್ಣೆ ಕುಡಿಸಿ ಹಾಸಿದ ಮೇಲೆ ಎಷ್ಟು ವರ್ಷ ಬಾಳಿಕೆ ಬಂತು ಅಂತ ಲೆಕ್ಕ ಇಡೋಕೆ ಹೊಡೆಯುತ್ತಿದ್ದರು. ಗೂಡ್ಸ್ ಡಬ್ಬಿಯ ಬಾಗಿಲಿಗೆ ಹಾಕುವ ಸೀಸದ ಸೀಲುಗಳು, ಲಗೇಜಿನ ಹಿತ್ತಾಳೆ ಬಿಲ್ಲೆ, ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಗೆ ಹಾಕುತ್ತಿದ್ದ ಬೀಗ ಕೂಡ ಸಿಗುತ್ತವೆ.

ಬೌರಿಂಗ್‌ಪೇಟೆ_ಪ್ಯಾಸೆಂಜರ್:

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮಪ್ಪ ಬಂಗಾರಪೇಟೆ, ಕೋಲಾರದ ಚಿಕ್ಕ ಗೇಜ್ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಎರಡೂವರೆ ಅಡಿ ಅಗಲದ ಹಳಿ ಅದು. ಈಗ ಎಲ್ಲಾ ಬ್ರಾಡ್ ಗೇಜ್ ಆಗಿದೆ.

ಅಪ್ಪ ಹೇಳುತ್ತಿದ್ದ ಒಂದು ವಿಷಯ ನಿಮ್ಮ ಮಗನಿಗೆ ಗೊತ್ತಿರಲೇಬೇಕು. ಮಂಜು ಕವಿದಾಗ, ಲೈನಿನಲ್ಲಿ ಅಪಾಯ ಇದ್ದಾಗ ಡ್ರೈವರಿಗೆ ತಿಳಿಸಲು ಕಂಬಿಯ ಮೇಲೆ ಡಿಟೊನೇಟರ್ ಕಟ್ಟುತ್ತಿದ್ದರು, ಅಪ್ಪ ಪಟಾಕಿ ಅಂತಲೇ ಅನ್ನುತ್ತಿದ್ದರು. ಚಪ್ಪಟೆ ತಗಡಿನ ಡಬ್ಬಿ, ಕಂಬಿಗೆ ಸುತ್ತಲು ಎರಡು ಕಡೆ ಸೀಸದ ಪಟ್ಟಿ. ಚಕ್ರ ಹತ್ತಿದರೆ ಢಮ್ ಅನ್ನುತ್ತದೆ. ಅಮೆರಿಕದ ರೈಲಿನಲ್ಲೂ ಇವುಗಳನ್ನು ಬಳಸುತ್ತಿದ್ದರು, ಟಾರ್ಪೆಡೊ ಅಂತ ಹೆಸರು. ಸೀಸದ ಪಟ್ಟಿ ಇರುವ ಯಾವುದೇ ಡಬ್ಬಿ, ಪೊಟ್ಟಣ ಕಂಡರೆ ಮುಟ್ಟಬೇಡಿ, ಕೆರೆಯಬೇಡಿ, ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ. ಎಷ್ಟು ಹಳೆಯದಾದರೂ ಸತ್ತಿದೆ ಅಂತ ನಂಬುವ ಹಾಗಿಲ್ಲ. ಹಳೇ ಲೈನಿನ ಮಣ್ಣಿಗೆ ಕಳೆ ಸಾಯಿಸಲು ಆರ್ಸೆನಿಕ್ ಹಾಕಿರುತ್ತಿದ್ದರು, ಸ್ಲೀಪರಿಗೆ ಕ್ರಿಯೋಸೋಟ್ ಎಣ್ಣೆ. ಕೈಗವಸು ಹಾಕಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಇದನ್ನು ಓದಿ ಊರಿನಲ್ಲಿ ಯಾರಾದರೂ ಡಿಟೆಕ್ಟರ್ ಹಿಡಿದು ಹೊರಡುತ್ತೀರೋ ಏನೋ, ಅದಕ್ಕೆ ಇದನ್ನೂ ಹೇಳುತ್ತೇನೆ. ಇಲ್ಲಿ ಭಾರತದಲ್ಲಿ ರೈಲ್ವೆ ಸ್ವತ್ತು ಕೈಯಲ್ಲಿಟ್ಟುಕೊಂಡು ಸಿಕ್ಕಿಬಿದ್ದರೆ ಅದಕ್ಕೆಂದೇ 1966ರ ಕಾಯ್ದೆ ಇದೆ, ಒಂದು ಮೊಳೆಯಾದರೂ ಕೇಸ್ ಕೇಸೇ. ಇನ್ನು ಹಳ್ಳಿ ಕಡೆ ರಾತ್ರಿ ಹಗಲು ನಿಧಿಗಳ್ಳರು ವೀರಗಲ್ಲು, ಗುಡಿ ಅಗೆದು ಹಾಳು ಮಾಡಿ ಜನ ರೋಸಿಹೋಗಿದ್ದಾರೆ. ಡಿಟೆಕ್ಟರ್ ಕಂಡರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಆಸೆ ಇದ್ದರೆ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ, ಅದು 1979ರಿಂದ ಇದೆ. ನಂದಿ ಹಾಲ್ಟ್ ಸ್ಟೇಷನ್ನಿನ ಹಳೇ ಕಟ್ಟಡವನ್ನು ಇಂಟ್ಯಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆಯವರು ಚೆನ್ನಾಗಿ ಸರಿಮಾಡಿದ್ದಾರೆ, ಅದನ್ನೂ ನೋಡಿ ಬನ್ನಿ.

ಅಪ್ಪ ರಿಟೈರ್ ಆದಾಗ ಮನೆಗೆ ತಂದದ್ದು ಕೆಂಪು ಹಸಿರು ಬಾವುಟ ಮಾತ್ರ. ಲೈನಿಂದ ಒಂದು ನಟ್ಟನ್ನೂ ತರಲಿಲ್ಲ. ಅವರು ಹೋದ ಮೇಲೆ ಒಂದು ಮೊಳೆಯಾದರೂ ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಅದಕ್ಕೇ ನಿಮ್ಮ ಮಗನ ಆಸೆ ನನಗೆ ಅರ್ಥವಾಗುತ್ತದೆ.

ಉಪ್ಪುಕೆರೆ_ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಟೆರೇಸ್ ಕಡೆಗೆ ಡಿಟೆಕ್ಟರ್ ಒಯ್ಯುವ ಯೋಚನೆ ಕೈಬಿಟ್ಟೆ. ಚೀನೀ ಕೆಲಸಗಾರರ ವಿಷಯ ಮಗನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದು ಅವರ ಕಾಗದ ಅಪ್ಪ, ನಾವು ತಗೋಬಾರದು" ಅಂದ.

ಮೂರು ಭಾನುವಾರ ತಿರುಗಿ ಲೋಗನ್ ಆಚೆ ಒಬ್ಬರು ರೈತರ ಒಪ್ಪಿಗೆ ಸಿಕ್ಕಿತು. ಮೊದಲ ಇಬ್ಬರು ಆಗಲ್ಲ ಅಂದರು. ಇವರ ಕುದುರೆ ಹುಲ್ಲಿನ ಹೊಲದ ಮಧ್ಯೆ ಹಳೇ ಲೈನಿನ ಏರಿ ಇನ್ನೂ ಉಬ್ಬಿಕೊಂಡಿದೆ. ಅಗೆದ ಗುಂಡಿ ಮುಚ್ಚಬೇಕು, ಗೇಟು ಹಾಕಬೇಕು, ಸಿಕ್ಕಿದ್ದನ್ನೆಲ್ಲ ತೋರಿಸಬೇಕು ಅಂತ ಕರಾರು. ನಿನ್ನೆ ನಾಲ್ಕು ಗಂಟೆ ಹುಡುಕಿದೆವು. ಹನ್ನೊಂದು ಸ್ಪೈಕ್, ಒಂದು ದೊಡ್ಡ ಬೋಲ್ಟು, ಆಮೇಲೆ ತೆಳು ದನಿ ಬಂದ ಕಡೆ ನಾಣ್ಯದಷ್ಟು ಅಗಲದ ಸೀಸದ ಸೀಲು! ಮಗ ಒಂದು ನೋಟ್‌ಬುಕ್ಕಿನಲ್ಲಿ ಏರಿಯ ಚಿತ್ರ ಬರೆದು, ಬೇಲಿ ಕಂಬದಿಂದ ಎಷ್ಟು ಹೆಜ್ಜೆ, ಎಷ್ಟು ಇಂಚು ಆಳ ಅಂತ ಪ್ರತಿಯೊಂದಕ್ಕೂ ನಂಬರ್ ಹಾಕಿದ್ದಾನೆ. ಸೀಲಿನ ಮೇಲೆ ಎರಡು ಅಕ್ಷರ ಕಾಣುತ್ತವೆ, ಮೂರನೆಯದು ಸವೆದಿದೆ. ಉಜ್ಜಿ ನೋಡಲಾ? ಸ್ಪೈಕ್‌ಗಳ ತುಕ್ಕು ಹೇಗೆ ತೆಗೆಯುವುದು?

ಕಲ್ಲಿದ್ದಲ_ಬೂದಿ:

ಉಜ್ಜಬೇಡಿ! ಸೀಸ ತುಂಬಾ ಮೆತ್ತಗೆ, ಉಜ್ಜಿದರೆ ಉಳಿದ ಎರಡು ಅಕ್ಷರವೂ ಹೋಗುತ್ತವೆ. ನೀರಿನಲ್ಲಿ ಮಣ್ಣು ನೆನೆಸಿ ಮೆತ್ತನೆ ಬ್ರಷ್‌ನಲ್ಲಿ ಬಿಡಿಸಿ, ಅಷ್ಟು ಸಾಕು, ಆಮೇಲೆ ಕೈ ತೊಳೆಯಿರಿ.

ಸ್ಪೈಕ್‌ಗೆ ಎಲೆಕ್ಟ್ರೋಲಿಸಿಸ್ ಮಾಡಿ, ಅಂದರೆ ನೀರಿನಲ್ಲಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ಸ್ಪೈಕಿಗೆ, ಪಾಸಿಟಿವ್ ತಂತಿ ಯಾವುದಾದರೂ ಗುಜರಿ ಕಬ್ಬಿಣಕ್ಕೆ. ಎರಡೂ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಗಾಳಿ ಏಳುತ್ತದೆ, ಮನೆಯ ಹೊರಗೇ ಮಾಡಿ, ಹತ್ತಿರ ಬೆಂಕಿ ಬೇಡ, ನೀರಿಗೆ ಕೈ ಹಾಕುವ ಮೊದಲು ಚಾರ್ಜರ್ ಆಫ್ ಮಾಡಿ. ತುಕ್ಕು ಸಡಿಲವಾದ ಮೇಲೆ ತೊಳೆದು, ಪೂರ್ತಿ ಒಣಗಿಸಿ, ಮೇಣ ಹಚ್ಚಿ. ಹನ್ನೊಂದನ್ನೂ ಒಟ್ಟಿಗೆ ಹಾಕಬೇಡಿ, ನೋಟ್‌ಬುಕ್ಕಿನ ನಂಬರ್ ಕಟ್ಟಿ ಒಂದೊಂದೇ ಮಾಡಿ, ಇಲ್ಲದಿದ್ದರೆ ಮಗ ಬರೆದದ್ದೆಲ್ಲ ವ್ಯರ್ಥ.

ಸೀಲನ್ನು ರಾತ್ರಿ ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲಿಡಿ. ಟಾರ್ಚನ್ನು ಮೇಜಿಗೆ ತಾಗಿಸಿಕೊಂಡು ಪಕ್ಕದಿಂದ ಬೆಳಕು ಬಿಟ್ಟು, ಸುತ್ತ ನಾಲ್ಕೂ ಕಡೆಯಿಂದ ಒಂದೊಂದು ಫೋಟೋ ತೆಗೆದು ಇಲ್ಲಿ ಹಾಕಿ. ಮೂರನೇ ಅಕ್ಷರದ ನೆರಳು ಯಾವುದಾದರೂ ಒಂದರಲ್ಲಿ ಬೀಳಬಹುದು.