ಪಾಲಿಮರ್ ಕ್ಲೇ ತೀರಾ ಮೆತ್ತಗಾಗಿ ಕೈಗೆ ಅಂಟುತ್ತಿದೆ, ಗಟ್ಟಿ ಮಾಡುವುದು ಹೇಗೆ?

ಎಲೆಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ಆರು ತಿಂಗಳಿಂದ ಪಾಲಿಮರ್ ಕ್ಲೇಯಲ್ಲಿ ಕಿವಿಯೋಲೆ, ಪದಕ ಮತ್ತು ಚಿಕ್ಕ ಹೂಗಳನ್ನು ಮಾಡುತ್ತಿದ್ದೇನೆ. ಇದುವರೆಗೆ ಬಳಸುತ್ತಿದ್ದ ಕ್ಲೇ ಹತ್ತು ನಿಮಿಷ ನಾದಿದ ಮೇಲಷ್ಟೇ ಮಾತು ಕೇಳುವಷ್ಟು ಗಟ್ಟಿಯಾಗಿತ್ತು. ಈ ಬಾರಿ ಬೇರೆ ಕಂಪನಿಯ ಬಿಳಿ ಮತ್ತು ತಿಳಿಗುಲಾಬಿ ಬಣ್ಣಗಳನ್ನು ತಂದೆ. ಪೊಟ್ಟಣ ಬಿಚ್ಚಿದಾಗಲೇ ಎರಡೂ ಮೆತ್ತಗಿದ್ದವು, ನಾದಿದ ಮೇಲಂತೂ ಬೆರಳಿಗೆ ಮೆತ್ತಿಕೊಳ್ಳತೊಡಗಿದವು. ಹೂವಿನ ಎಸಳನ್ನು ತೆಳ್ಳಗೆ ಒತ್ತಿ ಬೆರಳಿನಿಂದ ಬಿಡಿಸುವಷ್ಟರಲ್ಲಿ ಅದರ ಅಂಚು ಎಳೆದುಕೊಂಡು ಬರುತ್ತದೆ, ಕಟರ್ ಒತ್ತಿದರೆ ಕ್ಲೇ ಕಟರಿನೊಳಗೇ ಉಳಿಯುತ್ತದೆ, ಬಿಳಿಯ ಮೇಲೆ ನನ್ನ ಬೆರಳಚ್ಚುಗಳು ಎದ್ದು ಕಾಣುತ್ತವೆ. ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟು ಒಣಗಿಸಬಹುದೇ? ಅಥವಾ ಯಾವುದಾದರೂ ಪುಡಿಯನ್ನು ಬೆರೆಸಿ ನಾದಿದರೆ ಗಟ್ಟಿಯಾಗುತ್ತದೆಯೇ? ಎರಡು ಪೊಟ್ಟಣಗಳನ್ನು ಎಸೆಯಲು ಮನಸ್ಸಾಗುತ್ತಿಲ್ಲ.

ಹಳೆಗೈ

ದಯವಿಟ್ಟು ಬಿಸಿಲಿನಲ್ಲಿಡಬೇಡಿ. ಹೆಸರಿನಲ್ಲಿ ಕ್ಲೇ ಎಂದಿದ್ದರೂ ಇದು ಮಣ್ಣಲ್ಲ, ಇದರಲ್ಲಿ ಒಣಗಿ ಹೋಗಲು ನೀರೂ ಇಲ್ಲ. ಪಿವಿಸಿ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂತಹ ದ್ರವದಲ್ಲಿ ಸೇರಿಕೊಂಡಿರುತ್ತವೆ, ಜೊತೆಗೆ ಬಣ್ಣ ಮತ್ತು ಒಂದಿಷ್ಟು ಪುಡಿ ಇರುತ್ತದೆ. ಓವನ್ನಿನ ಶಾಖಕ್ಕೆ ಆ ಕಣಗಳು ದ್ರವವನ್ನು ಹೀರಿಕೊಂಡು ಒಂದಕ್ಕೊಂದು ಬೆಸೆದುಕೊಂಡಾಗ ಮಾತ್ರ ಕ್ಲೇ ಗಟ್ಟಿಯಾಗುತ್ತದೆ. ಬಿಸಿಲಿಗಿಟ್ಟರೆ ಅದು ಮೊದಲು ಇನ್ನಷ್ಟು ಮೆತ್ತಗಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಅಲ್ಲಲ್ಲಿ ಅರೆಬೆಂದು ಕಾಳುಕಾಳಾಗುತ್ತದೆ, ಆಮೇಲೆ ಎಷ್ಟು ನಾದಿದರೂ ಆ ಕಾಳುಗಳು ಕರಗುವುದಿಲ್ಲ.

ಉಪಾಯಕ್ಕೆ ಕೈ ಹಾಕುವ ಮೊದಲು ನಿಮ್ಮ ಕ್ಲೇ ಏಕೆ ಅಂಟುತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಕೈಯ ಬಿಸಿಯಿಂದ ಮೆತ್ತಗಾದ ಕ್ಲೇಗೂ ಪ್ಲಾಸ್ಟಿಸೈಜರ್ ಹೆಚ್ಚಾಗಿರುವ ಕ್ಲೇಗೂ ಮಾಡಬೇಕಾದ ಉಪಚಾರ ಬೇರೆ ಬೇರೆ. ನಾದಿದ ಕ್ಲೇಯಿಂದ ನಿಂಬೆ ಗಾತ್ರದ ಒಂದು ಉಂಡೆ ಮಾಡಿ, ಮುಟ್ಟದೆ ಒಂದು ರಾತ್ರಿ ತಂಪಾದ ಜಾಗದಲ್ಲಿಡಿ. ಬೆಳಿಗ್ಗೆ ಬೆರಳಿನಿಂದ ಒತ್ತಿದಾಗ ಉಂಡೆ ಬಿಗಿಯಾಗಿದ್ದು ಬೆರಳು ಸಲೀಸಾಗಿ ಬಿಟ್ಟುಬಂದರೆ ದೋಷ ಶಾಖದ್ದು ಅಥವಾ ಅತಿಯಾಗಿ ನಾದಿದ್ದರದ್ದು. ಆಗಲೂ ಅದು ಬೆರಳನ್ನು ಹಿಡಿದುಕೊಂಡರೆ ಒಳಗೆ ದ್ರವವೇ ಹೆಚ್ಚಿದೆ ಎಂದರ್ಥ. ಪೊಟ್ಟಣ ಬಿಚ್ಚಿದಾಗಲೇ ಮೆತ್ತಗಿತ್ತು ಎನ್ನುತ್ತಿರುವುದರಿಂದ ನಿಮ್ಮದು ಎರಡನೆಯ ಬಗೆಯದ್ದೆಂದು ನನ್ನ ಊಹೆ.

ಹಾಗಿದ್ದರೆ ಕಾಗದಕ್ಕೆ ಹೀರಿಸುವುದೇ ಸರಿಯಾದ ದಾರಿ. ಕ್ಲೇಯನ್ನು ಎರಡು ಮೂರು ಮಿಲಿಮೀಟರ್ ದಪ್ಪದ ಹಾಳೆಯಾಗಿ ಲಟ್ಟಿಸಿ, ಮೇಲೊಂದು ಕೆಳಗೊಂದು ಬಿಳಿ ಪ್ರಿಂಟರ್ ಕಾಗದವನ್ನಿಟ್ಟು, ಮೇಲೆ ನಾಲ್ಕೈದು ದಪ್ಪ ಪುಸ್ತಕಗಳನ್ನು ಹೇರಿ. ಕೆಳಗಿನ ಕಾಗದದಡಿ ಒಂದು ಟೈಲನ್ನೋ ಗಾಜನ್ನೋ ಇಟ್ಟುಕೊಳ್ಳಿ, ಏಕೆಂದರೆ ಆ ದ್ರವ ವಾರ್ನಿಷ್ ಬಳಿದ ಮೇಜಿನ ಮೇಲೆ ಕಲೆ ಉಳಿಸುತ್ತದೆ. ಅರ್ಧ ಗಂಟೆಯಲ್ಲಿ ಕರಿದ ತಿಂಡಿ ಕಟ್ಟಿದ ಕಾಗದದ ಹಾಗೆ ಎಣ್ಣೆಯ ಗುರುತು ಮೂಡುತ್ತದೆ. ಆಗ ಚೂರು ಕಿತ್ತು ನಾದಿ ನೋಡಿ, ಸಾಲದಿದ್ದರೆ ಹೊಸ ಕಾಗದ ಹಾಕಿ ಮತ್ತೆ ಇಡಿ. ಸುದ್ದಿಪತ್ರಿಕೆಯ ಕಾಗದ ಮಾತ್ರ ಬೇಡ, ಅದರ ಮಸಿ ಬಿಳಿ ಕ್ಲೇಗೆ ಇಳಿಯುತ್ತದೆ. ನನ್ನ ಮೊದಲ ಬಿಳಿ ಹಾಳೆಯ ಮೇಲೆ ಒಂದು ಜಾಹೀರಾತಿನ ಅರ್ಧ ಭಾಗ ತಿರುಗುಮುರುಗಾಗಿ ಅಚ್ಚಾಗಿತ್ತು.

ಪುಡಿ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಕ್ಲೇಯೊಳಗೆ ಹೆಚ್ಚು ಪುಡಿ ಸೇರಿದಷ್ಟೂ ಬೆಂದ ಮೇಲೆ ತೆಳ್ಳಗಿನ ಭಾಗಗಳು ಬಾಗುವ ಬದಲು ಮುರಿಯುತ್ತವೆ.

ತಣ್ಣನೆಯ ಬೆರಳು

ಹಳೆಗೈ ಅವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ: ಕಾಗದಕ್ಕೆ ಹೀರಿಸಿದ್ದನ್ನು ಹಿಂದಕ್ಕೆ ತರುವುದು ಕಷ್ಟ, ತಂಪು ಮಾಡಿದ್ದು ತಾನಾಗಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ನಾನು ಯಾವಾಗಲೂ ತಂಪಿನಿಂದಲೇ ಆರಂಭಿಸುತ್ತೇನೆ. ನನ್ನ ಕೈ ಸದಾ ಬಿಸಿ, ಬೇರೆಯವರು ಗಂಟೆಗಟ್ಟಲೆ ಹಿಡಿದು ಕೆಲಸ ಮಾಡುವ ಕ್ಲೇ ನನ್ನ ಅಂಗೈಯಲ್ಲಿ ಐದೇ ನಿಮಿಷಕ್ಕೆ ಬೆಣ್ಣೆಯಾಗುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರಿಟ್ಟುಕೊಂಡು ಆಗಾಗ ಬೆರಳು ಅದ್ದಿ ಚೆನ್ನಾಗಿ ಒರೆಸಿಕೊಳ್ಳುತ್ತೇನೆ. ಕ್ಲೇಯನ್ನು ಗಾಜಿನ ಅಥವಾ ನುಣುಪಾದ ಟೈಲ್‌ನ ಮೇಲಿಟ್ಟೇ ಕೆಲಸ ಮಾಡುತ್ತೇನೆ, ಅಂಗೈಯಲ್ಲಿ ಹಿಡಿಯುವುದಿಲ್ಲ. ಟೈಲ್ ತಾನೂ ತಂಪಾಗಿರುತ್ತದೆ, ಕ್ಲೇ ಅದಕ್ಕೆ ಅಂಟಿಕೊಂಡರೂ ತೆಳುವಾದ ಬ್ಲೇಡನ್ನು ಅಡಿಯಿಂದ ಜಾರಿಸಿ ಬಿಡಿಸಬಹುದು, ಮುಗಿದ ಮೇಲೆ ಟೈಲ್ ಸಮೇತ ಓವನ್ನಿಗೂ ಇಡಬಹುದು.

ಫ್ರಿಜ್‌ನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಕ್ಲೇ ಬಿಗಿಯಾಗುತ್ತದೆ. ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಇಡಿ, ಹೊರತೆಗೆದ ಮೇಲೂ ಒಂದೆರಡು ನಿಮಿಷ ಚೀಲ ಬಿಚ್ಚಬೇಡಿ. ಇಲ್ಲವಾದರೆ ಹೊರಗಿನ ಗಾಳಿಯ ತೇವ ಕ್ಲೇಯ ಮೇಲೆ ಹನಿಗಟ್ಟುತ್ತದೆ, ಅದು ಪದರಗಳ ನಡುವೆ ಸಿಕ್ಕಿಕೊಂಡರೆ ಬೇಯುವಾಗ ಗುಳ್ಳೆ ಏಳಬಹುದು.

ಕಟರಿಗೆ ಅಂಟುವ ತೊಂದರೆಗೆ ಸುಲಭವಾದ ಪರಿಹಾರವಿದೆ. ಕ್ಲೇಯ ಹಾಳೆಯ ಮೇಲೆ ಆಹಾರ ಸುತ್ತಿಡುವ ತೆಳುವಾದ ಪ್ಲಾಸ್ಟಿಕ್ ಹೊದಿಕೆಯನ್ನು ಸುಕ್ಕಿಲ್ಲದಂತೆ ಹಾಸಿ ಅದರ ಮೇಲಿಂದಲೇ ಕಟರ್ ಒತ್ತಿ. ಕ್ಲೇ ಒಳಗೆ ಉಳಿಯುವುದಿಲ್ಲ, ಅಂಚು ಕೂಡ ದುಂಡಗೆ, ನುಣುಪಾಗಿ ಬರುತ್ತದೆ. ಪುಡಿಯ ವಿಷಯದಲ್ಲಿ ಒಂದು ವಿನಾಯಿತಿ ಕೇಳುತ್ತೇನೆ: ಕಾರ್ನ್ ಫ್ಲೋರನ್ನು ಬೆರೆಸಬಾರದು ನಿಜ, ಆದರೆ ಮೆತ್ತನೆಯ ಕುಂಚದಿಂದ ಅಚ್ಚಿನ ಒಳಗೋ ಬೆರಳ ತುದಿಗೋ ತೀರಾ ಹಗುರವಾಗಿ ಸವರಿದರೆ ಅಡ್ಡಿಯಿಲ್ಲ. ಬೆಂದ ಮೇಲೆ ಉಳಿದದ್ದು ನೀರಿನಲ್ಲಿ ತೊಳೆದರೆ ಹೋಗುತ್ತದೆ. ಬೆರಳಚ್ಚಿನ ಕಾಟಕ್ಕೆ ಪೌಡರ್ ಇಲ್ಲದ ತೆಳುವಾದ ಕೈಗವಸು ಸಾಕು.

ಮೂರು ಪಾಲು

ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ. ಎಲೆಬಳ್ಳಿಯವರ ಬಳಿ ಹಳೆಯ ಗಟ್ಟಿ ಕ್ಲೇ ಉಳಿದಿದ್ದರೆ ಅದನ್ನೇ ಇದಕ್ಕೆ ಬೆರೆಸಬಹುದು. ಮೂರು ಪಾಲು ಮೆತ್ತನೆಯದಕ್ಕೆ ಒಂದು ಪಾಲು ಗಟ್ಟಿಯಾದದ್ದನ್ನು ಸೇರಿಸಿ ಬಣ್ಣದ ಗೆರೆಗಳು ಪೂರ್ತಿ ಮಾಯವಾಗುವವರೆಗೆ ನಾದಿ ನೋಡಿ, ಬೇಕಾದರೆ ಪ್ರಮಾಣ ಹೆಚ್ಚಿಸಿ. ಆದರೆ ಎರಡೂ ಪೊಟ್ಟಣಗಳ ಮೇಲಿನ ಉಷ್ಣತೆಯನ್ನು ಮೊದಲು ಓದಿ. ಕ್ಲೇಯ ಬ್ರ್ಯಾಂಡುಗಳಲ್ಲಿ ಫೀಮೋ 110 ಡಿಗ್ರಿ ಸೆಲ್ಸಿಯಸ್‌ಗೆ ಬೇಯುವಂಥದ್ದು, ಸ್ಕಲ್ಪಿ ಪ್ರೀಮೋಗೆ ಸುಮಾರು 130 ಬೇಕು, ಕೇಟೋಗೆ ಇನ್ನೂ ಹೆಚ್ಚು. ಅಂತರ ದೊಡ್ಡದಿರುವ ಎರಡನ್ನು ಬೆರೆಸಿದರೆ ಒಂದು ಕಂದುವ ಅಥವಾ ಇನ್ನೊಂದು ಅರೆಬೇಯುವ ಭಯವಿರುತ್ತದೆ. ಒಂದೇ ಕಂಪನಿಯ ಗಟ್ಟಿ ಬಗೆ ಸಿಕ್ಕರೆ ಆ ತಲೆನೋವೇ ಇಲ್ಲ.

ಮೆತ್ತನೆಯ ಕ್ಲೇಯ ತೆಳು ಎಸಳುಗಳು ಓವನ್ನಿನಲ್ಲಿಯೂ ಕೈಕೊಡುತ್ತವೆ ಎಂಬುದನ್ನು ಮರೆಯಬೇಡಿ. ಬೆಸೆದುಕೊಳ್ಳುವ ಮೊದಲು ಅವು ಬಿಸಿಗೆ ಇನ್ನಷ್ಟು ಸಡಿಲಗೊಂಡು ಜೋತುಬೀಳುತ್ತವೆ. ಎಸಳುಗಳ ಅಡಿಗೆ ಟಿಶ್ಯೂ ಕಾಗದವನ್ನು ಮುದುಡಿ ಆಸರೆ ಕೊಡಿ, ಅದು ಓವನ್ನಿನ ಸುರುಳಿಗೆ ತಾಗದಂತೆ ನೋಡಿಕೊಳ್ಳಿ.

ಎಲೆಬಳ್ಳಿ

ನಾಲ್ಕು ದಿನಗಳ ಬಳಿಕ ಬರೆಯುತ್ತಿದ್ದೇನೆ. ರಾತ್ರಿಯಿಟ್ಟ ಉಂಡೆಗಳ ಪೈಕಿ ತಿಳಿಗುಲಾಬಿ ಬೆಳಿಗ್ಗೆ ಬಿಗಿಯಾಗಿತ್ತು, ಬಿಳಿ ಮಾತ್ರ ಬೆರಳನ್ನು ಬಿಡಲೇ ಇಲ್ಲ. ಒಂದೇ ಕಂಪನಿಯ ಎರಡು ಬಣ್ಣಗಳು ಹೀಗೆ ಬೇರೆ ಬೇರೆಯಾಗಿ ನಡೆದುಕೊಂಡಾವು ಎಂದು ನಾನು ಎಣಿಸಿರಲಿಲ್ಲ. ಗುಲಾಬಿಗೆ ಟೈಲ್ ಮತ್ತು ತಣ್ಣೀರು ಸಾಕಾಯಿತು. ಬಿಳಿಯ ಅರ್ಧವನ್ನು ಕಾಗದದ ನಡುವೆ ನಲವತ್ತು ನಿಮಿಷ ಇಟ್ಟೆ, ಈಗ ಎಸಳು ಒತ್ತಿದಂತೆಯೇ ನಿಲ್ಲುತ್ತದೆ. ಉಳಿದರ್ಧವನ್ನು ಹಾಗೆಯೇ ಇಟ್ಟು ಊರಿಗೆ ಹೋದವಳು ಎರಡು ದಿನ ಬಿಟ್ಟು ಬಂದೆ. ಹಾಳೆಯನ್ನು ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಪುಡಿಯಾಗುತ್ತಿದೆ. ಇದನ್ನು ಉಳಿಸಿಕೊಳ್ಳಬಹುದೇ?

ಹಳೆಗೈ

ಉಳಿಸಿಕೊಳ್ಳಬಹುದು. ಚೂರುಚೂರು ಮಾಡಿ, ಹದವಾಗಿರುವ ಬಿಳಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ನಾದಿ. ಹದವಾದದ್ದನ್ನು ವ್ಯಯಿಸಲು ಇಷ್ಟವಿಲ್ಲದಿದ್ದರೆ ಒಂದೆರಡು ಹನಿ ದ್ರವರೂಪದ ಕ್ಲೇ ಹಾಕಿ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಿ, ಒಮ್ಮೆಗೇ ಸುರಿದರೆ ಮತ್ತೆ ಮೊದಲಿನ ಅಂಟಿಗೇ ಮರಳುತ್ತೀರಿ. ಅಂಗಡಿಯ ಅಡುಗೆ ಎಣ್ಣೆಯನ್ನು ಮಾತ್ರ ಹಾಕಬೇಡಿ, ಅದು ಕಣಗಳೊಂದಿಗೆ ಬೆಸೆಯದೆ ಹೊರಗೆ ಒಸರುತ್ತದೆ.

ಮಿಕ್ಕ ಕ್ಲೇಯನ್ನು ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಡಿ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಅದೇ. 6 ಎಂದಿರುವ ಪಾರದರ್ಶಕ ಗಡಸು ಡಬ್ಬಿಯನ್ನು ಈ ದ್ರವ ಕರಗಿಸುತ್ತದೆ. ನನ್ನ ಒಂದು ಡಬ್ಬಿಯ ತಳ ಕ್ಲೇಯ ಜೊತೆಗೇ ಎದ್ದು ಬಂದಿತ್ತು.