ಮೂರನೇ ದೇಶಕ್ಕೆ ಗಡೀಪಾರು: ಅಹವಾಲು ಹೇಳಿಕೊಳ್ಳಲು ಎಷ್ಟು ಸಮಯ ಸಿಗುತ್ತದೆ?

ಪ್ರಶ್ನೆ
ಅಮೆರಿಕದ ವಲಸೆ ನ್ಯಾಯಾಧೀಶರೇ ಒಬ್ಬರಿಗೆ ಸ್ವದೇಶದಲ್ಲಿ ಜೀವಭಯವಿದೆ ಎಂದು ಒಪ್ಪಿ, ಅಲ್ಲಿಗೆ ಕಳುಹಿಸದಂತೆ ತಡೆ ನೀಡಿದ್ದಾರೆ ಎಂದುಕೊಳ್ಳೋಣ. ಆಮೇಲೂ ಸರ್ಕಾರವು ಅವರನ್ನು ಎಂದೂ ಕಾಲಿಡದ ಬೇರೊಂದು ದೇಶಕ್ಕೆ ಗಡೀಪಾರು ಮಾಡಬಹುದೇ? ಮಾಡುವುದಾದರೆ, ಆ ದೇಶದ ಹೆಸರನ್ನು ಮುಂಚಿತವಾಗಿ ತಿಳಿಸಿ ಅವರ ಅಹವಾಲನ್ನು ಕೇಳಬೇಕಲ್ಲವೇ?

ಉತ್ತರ 1
ಮಾಡಬಹುದು. ಆ ತಡೆ ಅನ್ವಯಿಸುವುದು ಆದೇಶದಲ್ಲಿ ಹೆಸರಿಸಿದ ದೇಶಕ್ಕೆ ಮಾತ್ರ. ಆದರೆ ಅಮೆರಿಕ 1994ರಲ್ಲಿ ಅನುಮೋದಿಸಿದ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯ 3ನೇ ವಿಧಿಯು, ಚಿತ್ರಹಿಂಸೆ ಕಾದಿರುವ ಯಾವ ದೇಶಕ್ಕೂ ಯಾರನ್ನೂ ಕಳುಹಿಸಕೂಡದು ಎನ್ನುತ್ತದೆ. ಸಂವಿಧಾನದ 5ನೇ ತಿದ್ದುಪಡಿಯೂ ನ್ಯಾಯಯುತ ಪ್ರಕ್ರಿಯೆಯ ರಕ್ಷಣೆಯನ್ನು ‘ಪ್ರಜೆ’ಗೆ ಎನ್ನದೆ ‘ವ್ಯಕ್ತಿ’ಗೆ ಕೊಟ್ಟಿದೆ. ಹೋಗಬೇಕಾದ ದೇಶ ಯಾವುದೆಂದೇ ತಿಳಿಯದವರು ಅಲ್ಲಿನ ಭಯವನ್ನು ಹೇಳಿಕೊಳ್ಳುವುದಾದರೂ ಹೇಗೆ ಎಂಬಲ್ಲಿಗೆ ಎಲ್ಲ ತೊಡಕೂ ಬಂದು ನಿಲ್ಲುತ್ತದೆ.

ಉತ್ತರ 2
ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಧೀಶ ಬ್ರಯಾನ್ ಮರ್ಫಿ ಅವರು 2025ರ ಏಪ್ರಿಲ್ 18ರಂದು ಇದಕ್ಕೇ ಪರಿಹಾರ ಸೂಚಿಸಿದ್ದರು. ದೇಶದ ಹೆಸರನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಬೇಕು. ಅವರ ಭಯವನ್ನು ಅಧಿಕಾರಿಗಳು ಒಪ್ಪದಿದ್ದರೆ, ಪ್ರಕರಣವನ್ನು ಮತ್ತೆ ತೆರೆಯುವಂತೆ ಕೋರಲು ಕನಿಷ್ಠ 15 ದಿನ ಕೊಡಬೇಕು. ಆದರೆ ಮೇ ತಿಂಗಳಲ್ಲಿ ಎಂಟು ಜನರನ್ನು, 24 ಗಂಟೆಗೂ ಕಡಿಮೆ ಅವಧಿಯ ಸೂಚನೆ ಕೊಟ್ಟು, ದಕ್ಷಿಣ ಸುಡಾನ್‌ಗೆಂದು ವಿಮಾನ ಹತ್ತಿಸಲಾಯಿತು. ಅವರಲ್ಲಿ ಆ ದೇಶದವರು ಒಬ್ಬರೇ. ನ್ಯಾಯಾಲಯ ಮಧ್ಯೆ ಬಂದ ಕಾರಣ ಅವರನ್ನು ಪೂರ್ವ ಆಫ್ರಿಕಾದ ಜಿಬೂಟಿ ದೇಶದಲ್ಲಿರುವ ಅಮೆರಿಕದ ಸೇನಾ ನೆಲೆಯಲ್ಲಿಳಿಸಿ, ಸಭಾಕೊಠಡಿಯಾಗಿ ಮಾರ್ಪಡಿಸಿದ್ದ ಸರಕಿನ ಕಂಟೇನರ್ ಒಂದರಲ್ಲಿ, ಕಾಲಿಗೆ ಬೇಡಿ ಹಾಕಿ, ವಾರಗಟ್ಟಲೆ ಇರಿಸಲಾಯಿತು. ಜೂನ್ 23ರಂದು ಸುಪ್ರೀಂ ಕೋರ್ಟ್ ಕಾರಣಗಳನ್ನು ವಿವರಿಸದೆ ಮರ್ಫಿ ಅವರ ಆದೇಶಕ್ಕೆ ತಡೆ ನೀಡಿತು. ನ್ಯಾಯಮೂರ್ತಿ ಸೊಟೊಮಯೋರ್ ಬರೆದ ಭಿನ್ನಮತಕ್ಕೆ ಇನ್ನಿಬ್ಬರು ಸಹಮತ ಸೂಚಿಸಿದರೂ ಫಲವಾಗಲಿಲ್ಲ. ಜುಲೈ ಮೊದಲ ವಾರದಲ್ಲಿ ಎಂಟೂ ಜನ ದಕ್ಷಿಣ ಸುಡಾನ್ ತಲುಪಿದರು.

ಉತ್ತರ 3
ಅವರೆಲ್ಲ ಗಂಭೀರ ಅಪರಾಧಗಳಲ್ಲಿ ಶಿಕ್ಷೆಗೊಳಗಾದವರು ಎಂಬುದನ್ನು ಬಿಟ್ಟುಬಿಟ್ಟರೆ ಚಿತ್ರ ಅಪೂರ್ಣವಾಗುತ್ತದೆ. ಕೆಲವು ದೇಶಗಳು ತಮ್ಮ ಪ್ರಜೆಗಳನ್ನೇ ಮರಳಿ ಸೇರಿಸಿಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ 2001ರಲ್ಲಿ ಕೊಟ್ಟ ಝಡ್ವೈಡಾಸ್ ತೀರ್ಪಿನ ನಂತರ ಅಂಥವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡುವಂತೆಯೂ ಇಲ್ಲ. ಸರ್ಕಾರದ ಇಕ್ಕಟ್ಟು ನಿಜವಾದದ್ದೇ.

ಉತ್ತರ 1ರವರ ಮರುಮಾತು
ಒಪ್ಪುತ್ತೇನೆ. ಆದರೆ ಒಡಂಬಡಿಕೆಯ 3ನೇ ವಿಧಿ ಅಪರಾಧಿಗಳನ್ನು ಹೊರಗಿಟ್ಟಿಲ್ಲ, ಮತ್ತು ಮರ್ಫಿ ಅವರ ಆದೇಶವೂ ಗಡೀಪಾರನ್ನೇ ನಿಷೇಧಿಸಿರಲಿಲ್ಲ. ಮೊದಲು ಕೇಳಿ, ಆಮೇಲೆ ಕಳುಹಿಸಿ ಎಂದಿತ್ತು, ಅಷ್ಟೆ. ವಲಸೆ ಜಾರಿ ಸಂಸ್ಥೆಯ 2025ರ ಜುಲೈ 9ರ ಸೂಚನೆಯ ಪ್ರಕಾರ, ಹಿಂಸೆ ನೀಡುವುದಿಲ್ಲವೆಂದು ಕಳುಹಿಸಲಿರುವ ದೇಶ ಕೊಟ್ಟ ಭರವಸೆಯನ್ನು ವಿದೇಶಾಂಗ ಇಲಾಖೆ ನಂಬಿದರೆ ಮುನ್ಸೂಚನೆಯೇ ಬೇಕಿಲ್ಲ. ಇಲ್ಲವಾದರೆ ಸಾಮಾನ್ಯವಾಗಿ 24 ಗಂಟೆ, ತುರ್ತಿದ್ದರೆ 6 ಗಂಟೆಯೂ ಸಾಕು. ಭಯವಿದೆಯೇ ಎಂದು ಅಧಿಕಾರಿ ತಾವಾಗಿ ಕೇಳುವುದಿಲ್ಲ. ಪ್ರಶ್ನೆ ಕೇಳಿದವರ ಪರಿಚಯದಲ್ಲಿ ಇಂಥವರಿದ್ದರೆ, ತಮಗೆ ಯಾವ ಯಾವ ದೇಶದ ಭಯವಿದೆ, ಏಕೆ ಎಂಬುದನ್ನು ಇಂದೇ ಬರೆದು, ಸಹಿ ಹಾಕಿ, ವಕೀಲರ ಕೈಯಲ್ಲಿ ಇಡಲು ತಿಳಿಸಿ. ನೋಟಿಸ್ ಕೈಗೆ ಬಂದ ಗಳಿಗೆಯಲ್ಲೇ, ಯಾರೂ ಕೇಳದಿದ್ದರೂ, ‘ಅಲ್ಲಿಗೆ ಹೋಗಲು ನನಗೆ ಭಯವಿದೆ’ ಎಂದು ಬಾಯಿಬಿಟ್ಟು ಹೇಳಬೇಕು.